ತೊಗೊಂಡಿದ್ದರು, ನುಂಗಿರಲಿಲ್ಲ

ದವಾಖಾನೆಯ ಕೆಲಸಕ್ಕೆ ಹೊಸದಾಗಿ ಸೇರಿದವರು ಯಾರಾದರೂ ಮನೆಗೆ ಬಂದರೆ, ಇಷ್ಟು ವರ್ಷದ ಸೇವೆಯಲ್ಲಿ ನಿಮ್ಮನ್ನು ಹೆಚ್ಚು ಕಾಡಿದ ಔಷಧ ಯಾವುದು ಎಂದು ಕೇಳುತ್ತಾರೆ. ಔಷಧ ಯಾವುದೂ ನನ್ನನ್ನು ಕಾಡಲಿಲ್ಲ. ಕಾಡಿದ್ದು ಇಂಗ್ಲಿಷಿನ ಒಂದು ಸಣ್ಣ ಕ್ರಿಯಾಪದ, ‘ಟೇಕ್’. ಅದರಿಂದ ನಾನು ಮೂರು ಸಲ ಪೆಟ್ಟು ತಿಂದೆ. ಮೂರನೆಯ ಸಲ ಅದನ್ನು ಮಣಿಸಿದೆ. ಆ ಸಂಗತಿಯನ್ನು ಬರೆದಿಡುತ್ತೇನೆ. ಬಡ್ತಿ, ವರ್ಗಾವಣೆಗಳ ಕಥೆ ಸರಕಾರಿ ಕಾಗದಗಳಲ್ಲಿದೆ, ಅದು ಅಲ್ಲೇ ಇರಲಿ.

ನಾನು ಕಂಪೌಂಡರ್ ಆಗಿ ಸೇರಿದ್ದು ಮೂವತ್ತರ ದಶಕದ ಕೊನೆಯಲ್ಲಿ. ನಮ್ಮದು ಸಂಚಾರಿ ದವಾಖಾನೆ. ಹಳಿಯಾಳದಲ್ಲಿ ಎರಡು ಕೋಣೆಯ ಬಿಡಾರ, ಒಂದು ಚಕ್ಕಡಿ, ಔಷಧದ ನಾಲ್ಕು ಪೆಟ್ಟಿಗೆ, ಒಂದು ಸೂಕ್ಷ್ಮದರ್ಶಕ, ಇಷ್ಟೇ ನಮ್ಮ ಸಂಸಾರ. ಚಕ್ಕಡಿ ಹೊಡೆಯುವವನು ಇಮಾಮಸಾಬ. ಹಳಿಯಾಳದವನೇ, ನನಗಿಂತ ಹತ್ತು ವರ್ಷ ದೊಡ್ಡವನು. ದಾಂಡೇಲಿಯ ಕಟ್ಟಿಗೆ ಕಡಿಯುವ ಬಿಡಾರಗಳು, ಜೋಯಿಡಾ ಕಡೆಯ ಕಾಡಿನ ಕೇರಿಗಳು, ಮುಂಡಗೋಡದ ಸುತ್ತಲಿನ ಹಳ್ಳಿಗಳು, ಎಲ್ಲ ನಮ್ಮ ಚಕ್ಕಡಿಯ ಹಾದಿಯಲ್ಲೇ ಬರುತ್ತಿದ್ದವು. ಆಗ ಈ ಸೀಮೆಯಲ್ಲಿ ಚಳಿಜ್ವರ ಬಾರದ ಮನೆ ಇರಲಿಲ್ಲ. ಮಳೆ ನಿಂತು ತಿಂಗಳಾಗುವಷ್ಟರಲ್ಲಿ ಕೇರಿಗೆ ಕೇರಿಯೇ ಕಂಬಳಿ ಹೊದ್ದು ಮಲಗುತ್ತಿತ್ತು.

ನಮ್ಮ ಡಾಕ್ಟರು ಭರೂಚಾ ಸಾಹೇಬರು, ಮುಂಬಯಿಯ ಪಾರ್ಸಿ. ಎತ್ತರದ ಆಳು, ಸಿಟ್ಟು ಮೂಗಿನ ತುದಿಯಲ್ಲಿ. ಆದರೆ ರೋಗಿ ಮುಂದೆ ಕೂತರೆ ತಾಯಿಯಂತೆ ಮೆತ್ತಗಾಗುತ್ತಿದ್ದರು. ಕನ್ನಡ ಒಂದಕ್ಷರ ಬಾರದು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡ ಮಾಡಬೇಕು, ಜನ ಹೇಳಿದ್ದನ್ನು ಇಂಗ್ಲಿಷ್ ಮಾಡಬೇಕು. ಗುಳಿಗೆ ಕಟ್ಟುವುದು, ಗಾಯ ತೊಳೆಯುವುದು ನನಗೆ ಕಲಿಸಿದ್ದರು. ಮಾತು ಸಾಗಿಸುವುದನ್ನು ಯಾರೂ ಕಲಿಸಿರಲಿಲ್ಲ. ಮ್ಯಾಟ್ರಿಕ್ ಪಾಸಾದವನಿಗೆ ಅದು ತಾನೇ ಬರುತ್ತದೆ ಎಂದು ಅವರೂ ನಂಬಿದ್ದರು, ನಾನೂ ನಂಬಿದ್ದೆ.

ಮೊದಲ ಪೆಟ್ಟು ಬಿದ್ದದ್ದು ಮುಂಡಗೋಡದ ಚಿಗಳ್ಳಿಯಲ್ಲಿ. ಸೇರಿ ಒಂದು ತಿಂಗಳೂ ಆಗಿರಲಿಲ್ಲ. ಸಾಹೇಬರು ಕೈಗೆ ಥರ್ಮಾಮೀಟರ್ ಕೊಟ್ಟು ಎಲ್ಲರ ಟೆಂಪರೇಚರ್ ‘ಟೇಕ್’ ಮಾಡು ಎಂದರು. ನಾನು ಸಾಲಿನಲ್ಲಿ ಕೂತವರ ಮುಂದೆ ಹೋಗಿ ಠೀವಿಯಿಂದ, “ಬಾಯಿ ತಗೀರಿ, ಜ್ವರ ತಗೀತೇನಿ” ಎಂದೆ. ಎಲ್ಲರೂ ಭಯಭಕ್ತಿಯಿಂದ ಬಾಯಿ ತೆಗೆದರು. ಗಾಜಿನ ಕಡ್ಡಿ ಇಟ್ಟೆ, ನೋಡಿದೆ, ಬರೆದುಕೊಂಡೆ. ತಿರುಗಿ ಔಷಧ ಕೊಡಲು ಬಂದರೆ ಸಾಲು ಅರ್ಧ ಖಾಲಿಯಾಗಿತ್ತು. ಮನೆಗೆ ಹೊರಟಿದ್ದ ಒಬ್ಬ ಮುದುಕರನ್ನು ತಡೆದು, “ಯಾಕ್ರೀ ಅಜ್ಜಾರ, ಔಷಧ ಬ್ಯಾಡೇನು?” ಎಂದು ಕೇಳಿದೆ.

“ಮತ್ಯಾಕ್ರೀ? ಜ್ವರ ತಗದ್ರೆಲ್ಲ. ಆ ಕಡ್ಡಿ ಭಾಳ ಛಲೋ ಐತಿ. ನಾಳೆ ನಮ್ಮ ಮುದುಕೀನೂ ಕರಕೊಂಡ ಬರ್ತೇನಿ, ಆಕೀದೂ ತಗದ ಕೊಡ್ರಿ” ಎಂದರು.

ಇಮಾಮಸಾಬ ಎತ್ತಿನ ಕೊರಳು ಹಿಡಿದು ನಕ್ಕದ್ದು ನನಗೆ ಇನ್ನೂ ಕಾಣುತ್ತದೆ. ಹೊರಟವರನ್ನು ಓಡಾಡಿ ಮರಳಿ ಕರೆದು ಕೂರಿಸಿದೆ. ಅಂದಿನಿಂದ ‘ಮೈ ಎಷ್ಟು ಕಾದೈತಿ ನೋಡ್ತೇನಿ’ ಎನ್ನತೊಡಗಿದೆ.

ಎರಡನೆಯದು ದಾಂಡೇಲಿಯ ಕಾಡಿನಲ್ಲಿ. ಜ್ವರ ಯಾವ ಜಾತಿಯದೆಂದು ತಿಳಿಯಲು ಬೆರಳಿನಿಂದ ಒಂದು ಹನಿ ರಕ್ತ ಗಾಜಿನ ಪಟ್ಟಿಗೆ ಹಚ್ಚಬೇಕು. ಸಾಹೇಬರು ರಕ್ತ ‘ಟೇಕ್’ ಮಾಡಬೇಕು ಎಂದರು. ನಾನು ಗುಡಿಸಲುಗಳ ನಡುವೆ ನಿಂತು, “ಇವತ್ತು ಎಲ್ಲಾರ ರಕ್ತ ತೊಗೋತೀವಿ, ಬರ್ರಿ” ಎಂದು ಕೂಗಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬಿಡಾರದಲ್ಲಿ ಒಂದು ನಾಯಿ, ಎರಡು ಕೋಳಿ ಉಳಿದವು. ಜನ ಮರಳಿ ಬರಲು ಹದಿನೈದು ದಿನ ಹಿಡಿಯಿತು. ಆಮೇಲೆ ನನ್ನದೇ ಬೆರಳಿಗೆ ಸೂಜಿ ಮುಟ್ಟಿಸಿ, “ಒಂದ ಹನಿ ನೋಡ್ತೀವಿ, ಅಷ್ಟ” ಎಂದು ತೋರಿಸುತ್ತ ಕೆಲಸ ಸಾಗಿಸಿದೆ.

ಈ ಎರಡೂ ನಗುವ ತಪ್ಪುಗಳು. ಮೂರನೆಯದರಲ್ಲಿ ನಗುವುದಕ್ಕೆ ಏನೂ ಇರಲಿಲ್ಲ.

ಹಳಿಯಾಳದ ಸಮೀಪ ತೇರಗಾಂವ ಎಂಬ ಒಕ್ಕಲುತನದ ಊರಿದೆ. ಅಲ್ಲಿಯ ಹಲವರು ಸುಗ್ಗಿ ಮುಗಿದ ಮೇಲೆ ಎತ್ತು ಹೊಡೆದುಕೊಂಡು ಕಾಡಿಗೆ ಹೋಗಿ ಕಡಿದ ಮರದ ದಿಮ್ಮಿ ಎಳೆಯುತ್ತಿದ್ದರು. ಬರುವಾಗ ಜ್ವರ ತರುತ್ತಿದ್ದರು. ಆ ಊರಿಗೆ ಪ್ರತಿ ವಾರ ಕ್ವಿನೈನ್ ಗುಳಿಗೆ ಹಂಚುವ ಕೆಲಸವನ್ನು ಸಾಹೇಬರು ನನಗೆ ಒಪ್ಪಿಸಿದರು. ನಾನು ಚಾವಡಿಯಲ್ಲಿ ಕೂಡುತ್ತಿದ್ದೆ. ಮನೆಗೊಬ್ಬರು ಬರುತ್ತಿದ್ದರು. “ಹ್ವಾದ ವಾರದ ಗುಳಿಗಿ ತೊಗೊಂಡ್ರಿ?” ಎಂದು ನಾನು ಕೇಳುವುದು, “ತೊಗೊಂಡೀವ್ರಿ” ಎಂದು ಅವರು ಹೇಳುವುದು, ರಜಿಸ್ಟರಿನಲ್ಲಿ ‘ಟೇಕನ್’ ಎಂಬ ಪಟ್ಟಿಯ ಕೆಳಗೆ ನಾನು ಗೀಟು ಹಾಕುವುದು, ಮುಂದಿನ ವಾರದ ಗುಳಿಗೆ ಕೊಡುವುದು. ಒಂದು ವರ್ಷ ಹೀಗೆ ನಡೆಯಿತು. ರಜಿಸ್ಟರು ಎಷ್ಟು ಚೆಂದವಿತ್ತೆಂದರೆ ಸಾಹೇಬರು ಅದನ್ನು ಬಂದವರಿಗೆ ತೋರಿಸುತ್ತಿದ್ದರು.

ಜ್ವರ ಮಾತ್ರ ಒಂದು ಕೂದಲಷ್ಟೂ ಕಡಿಮೆಯಾಗಲಿಲ್ಲ. ಆ ವರ್ಷ ತೇರಗಾಂವದಲ್ಲಿ ಜ್ವರದಿಂದ ಸತ್ತವರೂ ಇದ್ದರು. ಗೀಟು ಹಾಕಿದ ಹೆಸರುಗಳಲ್ಲೇ ಕೆಲವು ಅವು.

ಭರೂಚಾ ಸಾಹೇಬರ ನಿದ್ದೆ ಕೆಟ್ಟಿತು. ಗುಳಿಗೆ ಕಳಪೆ ಇರಬಹುದೆಂದು ಮುಂಬಯಿಗೆ ಪರೀಕ್ಷೆಗೆ ಕಳಿಸಿದರು. ಗುಳಿಗೆ ಸರಿಯಾಗಿದೆ ಎಂದು ಉತ್ತರ ಬಂತು. ಬಸಪ್ಪ ಎಂಬ ದಿಮ್ಮಿ ಎಳೆಯುವವನೊಬ್ಬನ ರಕ್ತವನ್ನು ಸಾಹೇಬರು ವಾರವಾರವೂ ನೋಡುತ್ತಿದ್ದರು. ಅವನ ತಾಯಿ ನೀಲವ್ವ ಒಂದು ವಾರವೂ ತಪ್ಪಿಸದೆ ಮಗನ ಪಾಲಿನ ಗುಳಿಗೆ ಒಯ್ಯುತ್ತಿದ್ದಳು. ಆದರೂ ಅವನ ರಕ್ತದಲ್ಲಿ ಜ್ವರದ ಕ್ರಿಮಿಗಳು ತುಂಬಿ ತುಳುಕುತ್ತಿದ್ದವು. “ಈ ಕಾಡಿನ ಜ್ವರಕ್ಕೆ ಕ್ವಿನೈನ್ ನಾಟುವುದಿಲ್ಲ” ಎಂದು ಸಾಹೇಬರು ಮೇಲಿನವರಿಗೆ ಎರಡು ಪತ್ರ ಬರೆದರು.

ಅಷ್ಟರಲ್ಲಿ ಯುದ್ಧ ಜೋರಾಗಿ ಕ್ವಿನೈನ್ ಸಿಗುವುದೇ ಕಷ್ಟವಾಗಿತ್ತು. ಮೇಲಿನಿಂದ ಉತ್ತರ ಬಂತು. ನಾಟದ ಜಾಗದಲ್ಲಿ ಔಷಧ ಹಾಳುಮಾಡುವುದು ಬೇಡ, ದೊಡ್ಡ ಡಾಕ್ಟರು ಬಂದು ಒಮ್ಮೆ ನೋಡುತ್ತಾರೆ, ಆಮೇಲೆ ದಾಸ್ತಾನನ್ನೆಲ್ಲ ಬೇರೆ ಕಡೆ ಸಾಗಿಸಲಾಗುವುದು ಎಂದು. ಒಪ್ಪಿಗೆಯ ಉತ್ತರ ಬರೆಯಲು ಸಾಹೇಬರು ಕಾಗದ ತೆಗೆದಿಟ್ಟು ನನಗೆ ಹೇಳಿದರು, “ತೇರಗಾಂವಕ್ಕೆ ಹೋಗಿ ಆ ಬಸಪ್ಪನನ್ನು ಕೊನೆಯ ಸಲ ನೋಡಿ ಬಾ. ನಾಳೆ ಟಪಾಲಿಗೆ ಹಾಕುತ್ತೇನೆ.”

ನಾನು ಹೋದಾಗ ಬಸಪ್ಪ ಗೋಡೆಗೊರಗಿ ನಡುಗುತ್ತಿದ್ದ. ನೀಲವ್ವ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಎದ್ದಳು.

“ಬಾ ಯಪ್ಪಾ, ಕುಂದರ. ನನ್ನ ಮಗನ್ನ ಹೆಂಗರ ಮಾಡಿ ಉಳಿಸ್ರೆಪಾ.”

“ಗುಳಿಗಿ ತೊಗೊಂಡಾನೇನಬೇ?”

“ಹೂಂನಪಾ, ಎಲ್ಲಾ ತೊಗೊಂಡೀವಿ. ಒಂದ ವಾರ ಬಿಟ್ಟಿಲ್ಲ. ನೋಡ ಬೇಕಾದ್ರ.”

ಹೀಗೆಂದು ಗೋಡೆಯ ಮಾಡದಿಂದ ಒಂದು ತಗಡಿನ ಡಬ್ಬಿ ತಂದು ನನ್ನ ಮುಂದೆ ಮುಚ್ಚಳ ತೆರೆದಳು. ಬಟ್ಟೆಯ ಸಣ್ಣ ಸಣ್ಣ ಗಂಟುಗಳು. ವಾರಕ್ಕೊಂದು ಗಂಟು. ಒಳಗೆ ನಾನೇ ಹಂಚಿದ ಬಿಳಿ ಗುಳಿಗೆಗಳು, ಕಟ್ಟಿದ್ದು ಕಟ್ಟಿದ ಹಾಗೆಯೇ.

ಒಂದು ಗಂಟು ಕೈಗೆತ್ತಿಕೊಂಡೆ. “ಅಬೇ, ಇವನ್ನ ನುಂಗಿಲ್ಲೇನು?”

“ಇಲ್ಲಪಾ.”

“ಮತ್ತ ತೊಗೊಂಡೀವಿ ಅಂತಿದ್ದೆಲ್ಲ!”

“ತೊಗೊಂಡೇನೆಲ್ಲ! ಸರಕಾರದಾವ್ರು ಕೊಟ್ಟದ್ದು ಒಲ್ಲೆ ಅನಬಾರದು ಅಂತ ತೊಗೊಂಡೆ. ನಾ ಸುಳ್ಳ ಹೇಳಿಲ್ಲ ಯಪ್ಪಾ. ನುಂಗೀರೇನಂತ ನೀ ಒಂದ ದಿನಾನೂ ಕೇಳಲಿಲ್ಲ. ಕೇಳಿದ್ರ ಇಲ್ಲಂತ ಹೇಳ್ತಿದ್ದೆ.”

ಈಗ ಪೇಟೆಯಲ್ಲಿ ಎಲ್ಲರೂ ‘ಔಷಧ ತೊಗೊಂಡ್ಯಾ’ ಎಂದೇ ಕೇಳುತ್ತಾರೆ, ಅರ್ಥವಾಗುತ್ತದೆ. ಆಗ ನಮ್ಮ ಹಳ್ಳಿಗಳಲ್ಲಿ ಹಾಗಿರಲಿಲ್ಲ. ಕಷಾಯ ಕುಡಿಯುತ್ತಿದ್ದರು, ಗುಳಿಗೆ ನುಂಗುತ್ತಿದ್ದರು, ಲೇಪ ಹಚ್ಚುತ್ತಿದ್ದರು. ತೊಗೊಳ್ಳುವುದು ಎಂದರೆ ಕೈ ಚಾಚಿ ಇಸಿದುಕೊಳ್ಳುವುದು, ಅಷ್ಟೇ. ಇಂಗ್ಲಿಷಿನ ಒಂದು ಶಬ್ದದೊಳಗೆ ಈ ಎಲ್ಲ ಕೆಲಸಗಳೂ ಅಡಗಿವೆ ಎಂಬುದು ನನಗೆ ತಿಳಿದಿತ್ತು, ನೀಲವ್ವನಿಗೆ ಹೇಗೆ ತಿಳಿಯಬೇಕು?

“ಯಾಕ ನುಂಗಲಿಲ್ಲ?” ಎಂದೆ. ಉತ್ತರ ಕೊಟ್ಟವನು ಬಸಪ್ಪ. ಚಳಿಗೆ ಹಲ್ಲು ಕಟಕಟಿಸುತ್ತಲೇ ಹೇಳಿದ.

“ಮೊದಲನೇ ವಾರ ನುಂಗಿದ್ನಿರಿ. ಕಿವಿ ಗುಂಯ್ ಅನ್ನಾಕತ್ತಿತು, ಏನೂ ಕೇಳವಲ್ದು. ನಂದು ದಿಮ್ಮಿ ಎಳಿಯೂ ಕೆಲಸ. ಮ್ಯಾಲಿಂದ ದಿಮ್ಮಿ ಉರುಳಿದ್ರ ಹಿಂದಿನವ್ರು ಕೂಗ್ತಾರ. ಕೂಗು ಕೇಳಲಿಲ್ಲಂದ್ರ ನಾನೂ ಇಲ್ಲ, ಎತ್ತೂ ಇಲ್ಲ. ಜ್ವರ ಬಂದ್ರ ಹತ್ತ ದಿನ ಬದುಕೇನು, ದಿಮ್ಮಿ ಬಂದ್ರ ಅವತ್ತ ಮುಗೀತು. ಇದನ್ನ ನಾ ಎಲ್ಲಾರಿಗೂ ಹೇಳಿದೆ. ಊರಾಗ ಯಾರೂ ನುಂಗಲಿಲ್ಲ.”

ಎಷ್ಟು ಸರಿಯಾದ ಮಾತು! ಒಂದು ವರ್ಷ ನಾವು ಗುಳಿಗೆಯ ಮೇಲೆ, ಜ್ವರದ ಮೇಲೆ ಸಂಶಯಪಟ್ಟಿದ್ದೆವು. ಅವರು ಲೆಕ್ಕ ಹಾಕಿಯೇ ನುಂಗುವುದನ್ನು ಬಿಟ್ಟಿದ್ದರು. ಕೇಳಿದ್ದರೆ ಮೊದಲ ವಾರವೇ ಹೇಳುತ್ತಿದ್ದರು. ನಾನು ಕೇಳಿದ್ದೇ ಬೇರೆ.

ಹಳಿಯಾಳಕ್ಕೆ ಮರಳುವ ಹಾದಿಯಲ್ಲಿ ನನ್ನೊಳಗೆ ಒಂದು ಸಣ್ಣ ಬುದ್ಧಿ ಎದ್ದಿತು. ಅದನ್ನೂ ಮುಚ್ಚಿಡದೆ ಬರೆಯುತ್ತೇನೆ. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಮುಂದಿನ ವಾರದಿಂದ ಸುಮ್ಮನೆ ‘ನುಂಗ್ರಿ’ ಎಂದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ, ರಜಿಸ್ಟರು ಚೆಂದವಾಗಿಯೇ ಉಳಿಯುತ್ತದೆ ಎಂದಿತು ಆ ಬುದ್ಧಿ. ಆದರೆ ನಾಳೆ ಬೆಳಿಗ್ಗೆ ಸಾಹೇಬರ ಪತ್ರ ಟಪಾಲಿಗೆ ಬೀಳುತ್ತಿತ್ತು. ಪತ್ರ ಹೋದರೆ ಗುಳಿಗೆ ಹೋಗುತ್ತದೆ. ಗುಳಿಗೆ ಹೋದರೆ ಬಸಪ್ಪ ಹೋಗುತ್ತಾನೆ.

ಸಾಹೇಬರು ಮೇಜಿನ ಮುಂದೆ ಕೂತಿದ್ದರು. ನಿಂತೇ ಎಲ್ಲ ಹೇಳಿದೆ. ಅವರ ಮುಖ ಕೆಂಪಾಯಿತು.

“ಅಂದರೆ ಒಂದು ವರ್ಷದ ನಿನ್ನ ರಜಿಸ್ಟರು ಸುಳ್ಳೆ?”

“ಸುಳ್ಳಲ್ಲ ಸರ್. ಅದರಲ್ಲಿನ ಒಂದೊಂದು ಗೀಟೂ ನಿಜ. ಅವರೆಲ್ಲ ತೊಗೊಂಡಿದ್ದಾರೆ. ನುಂಗಿಲ್ಲ.”

ರಜಿಸ್ಟರನ್ನು ಎತ್ತಿ ಗೋಡೆಗೆ ಒಗೆದರು. ಹೊರಗೆ ಎತ್ತಿಗೆ ನೀರು ಕುಡಿಸುತ್ತಿದ್ದ ಇಮಾಮಸಾಬ ಗಾಬರಿಯಾಗಿ ಬಾಗಿಲಿಗೆ ಬಂದ. ಸಾಹೇಬರು ಅವನನ್ನೇ ಹಿಡಿದು ಹಿಂದುಸ್ತಾನಿಯಲ್ಲಿ, ನಿಮ್ಮ ಮನೆಯಲ್ಲಿ ದವೆಯನ್ನು ಏನು ಮಾಡುತ್ತೀರಿ ಎಂದು ಗದರಿ ಕೇಳಿದರು.

“ಖಾತೇ ಹೈಂ ಸಾಬ್” ಎಂದ ಅವನು. ನನ್ನ ಕಡೆ ತಿರುಗಿ, “ನಾವು ದವಾ ತಿಂತೀವ್ರಿ. ಇನ್ನೇನ ಮಾಡ್ತಾರ?” ಎಂದ.

ಸಾಹೇಬರು ಕುರ್ಚಿಗೆ ಮರಳಿ ಕೂತರು. ಒಬ್ಬರು ತಿನ್ನುತ್ತಾರೆ, ಒಬ್ಬರು ನುಂಗುತ್ತಾರೆ, ನಾನೊಬ್ಬ ‘ಟೇಕ್’ ಎನ್ನುತ್ತ ವರ್ಷ ಕಳೆದೆ ಎಂದು ತಮಗೆ ತಾವೇ ಹೇಳಿಕೊಂಡರು. ಬರೆಯಬೇಕಾಗಿದ್ದ ಕಾಗದವನ್ನು ಎಳೆದುಕೊಂಡು ಬೇರೆಯೇ ಪತ್ರ ಬರೆದರು. ತಮ್ಮ ಹಿಂದಿನ ಎರಡೂ ಪತ್ರ ತಪ್ಪು, ಇಲ್ಲಿಯವರೆಗೆ ಕ್ವಿನೈನ್ ಪರೀಕ್ಷೆಯೇ ಆಗಿಲ್ಲ, ಒಂದು ತಿಂಗಳು ಕೊಡಿ ಎಂದು. ನನ್ನ ಹೆಸರನ್ನು ಅದರಲ್ಲಿ ಬರೆಯಲಿಲ್ಲ.

“ಸರ್, ತಪ್ಪು ನನ್ನದು” ಎಂದೆ.

“ನಿನಗೆ ಈ ಶಬ್ದ ಕೊಟ್ಟವನು ನಾನು. ಹೊಣೆಯನ್ನು ನಾನು ‘ಟೇಕ್’ ಮಾಡುತ್ತೇನೆ. ಇದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ? ಇದಕ್ಕೂ ಬೇರೆ ಶಬ್ದವಿದೆಯೋ?”

“ಇದೆ ಸರ್. ಹೊಣೆ ಹೊರುವುದು ಎನ್ನುತ್ತೇವೆ. ತಲೆಯ ಮೇಲೆ ಹುಲ್ಲಿನ ಹೊರೆ ಹೊರುತ್ತಾರಲ್ಲ, ಹಾಗೆ.”

“ಸರಿಯಾಗಿದೆ. ಭಾರವೇ ಇದೆ” ಎಂದು ನಕ್ಕರು. ನಾನು ಗೋಡೆಯ ಬುಡದಲ್ಲಿ ಬಿದ್ದಿದ್ದ ರಜಿಸ್ಟರನ್ನು ಎತ್ತಿಕೊಂಡೆ.

ಮರುದಿನ ಸಾಹೇಬರೇ ತೇರಗಾಂವಕ್ಕೆ ಬಂದರು. ಬಸಪ್ಪನ ಮಾತನ್ನು ಪೂರ್ತಿ ಕೇಳಿದರು. ಕಿವಿ ಗುಂಯ್ ಎನ್ನುವುದು ಔಷಧದ ಗುಣ, ಬಿಟ್ಟ ಮೇಲೆ ಹೋಗುತ್ತದೆ, ಕಿವುಡಾಗುವುದಿಲ್ಲ ಎಂದು ನನ್ನಿಂದ ಹೇಳಿಸಿದರು. ಗುಳಿಗೆ ನುಂಗುವಷ್ಟು ದಿನ ಯಾರೂ ದಿಮ್ಮಿ ಎಳೆಯಬಾರದು, ಸರದಿಯ ಮೇಲೆ ಮನೆಯಲ್ಲಿರಬೇಕು ಎಂದು ಕಾಡಿನ ಗುತ್ತಿಗೆದಾರನನ್ನು ತಾವೇ ಕಂಡು ಒಪ್ಪಿಸಿದರು. ಊರಿಗೆ ಅದು ಹಿಡಿಸಿತು. ತಮ್ಮ ಭಯವನ್ನು ಒಬ್ಬ ಸಾಹೇಬ ಭಯವೆಂದು ಒಪ್ಪಿದ್ದೇ ದೊಡ್ಡದಾಯಿತು.

ಆದರೆ ಕಹಿ ಕಹಿಯೇ. ಕೆಲವರು ಗುಳಿಗೆಯನ್ನು ಕೆನ್ನೆಯಲ್ಲಿಟ್ಟುಕೊಂಡು ಮರೆಗೆ ಹೋಗಿ ಉಗುಳುತ್ತಿದ್ದರು. ನಾನು ಬಾಯಿ ತೆರೆಸಿ ನೋಡಲು ಹೋದೆ. ಹೆಂಗಸರು ಸೆರಗು ಮುಚ್ಚಿಕೊಂಡು ಎದ್ದುಹೋದರು. ಆಗ ದಾರಿ ತೋರಿಸಿದವಳು ನೀಲವ್ವ.

“ಹಿಂಗ ದನಾ ಕೊಳ್ಳಾವ್ರಂಗ ಬಾಯಾಗ ಹಣಿಕಿ ಹಾಕಬ್ಯಾಡ ಯಪ್ಪಾ. ನುಂಗಿದ ಮ್ಯಾಲೆ ಮಾತಾಡಸು. ತವರಮನಿ ಯಾವೂರು, ಅಣ್ಣತಮ್ಮರೆಷ್ಟು, ಕೇಳು. ಬಾಯಾಗ ಗುಳಿಗಿ ಇಟಗೊಂಡು ತವರಿನ ಮಾತು ಆಡಾಕ ಆಗ್ತೈತೇನು?”

ಹಾಗೇ ಮಾಡಿದೆ. ತವರಿನ ಮಾತು ಕೇಳಿದರೆ ನಮ್ಮ ಹೆಂಗಸರು ಸುಮ್ಮನಿರುವುದುಂಟೆ? ಗುಳಿಗೆ ನುಂಗಿ, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು, ಚಾವಡಿಯ ತುಂಬ ಮಾತು. ಗಂಡಸರಿಗೆ ಎತ್ತಿನ ತಳಿ ಕೇಳುತ್ತಿದ್ದೆ. ಕೆನ್ನೆಯಲ್ಲಿ ಗುಳಿಗೆ ಉಳಿಸಿಕೊಂಡವನು ತೊದಲುತ್ತಿದ್ದ, ಎಲ್ಲರೂ ನಗುತ್ತಿದ್ದರು, ನಾಚಿ ನುಂಗುತ್ತಿದ್ದ. ಹೊಸ ರಜಿಸ್ಟರಿನಲ್ಲಿ ಮೂರು ಪಟ್ಟಿ ಎಳೆದೆ: ಇಸಿದುಕೊಂಡರು, ನುಂಗಿದರು, ಕಾರಿಕೊಂಡರು. ಮೊದಲಿನಷ್ಟು ಚೆಂದ ಕಾಣುತ್ತಿರಲಿಲ್ಲ, ಕಾಟು ಗೀಟು ಬಹಳ. ಆದರೆ ಅದರಲ್ಲಿ ಊರು ಇದ್ದ ಹಾಗೆಯೇ ಇತ್ತು.

ಎರಡನೆಯ ವಾರಕ್ಕೆ ಬಸಪ್ಪನ ನಡುಕ ನಿಂತಿತು. ಮೂರನೆಯ ವಾರ ರೊಟ್ಟಿ ಕೇಳಿ ತಿಂದ. ಕಂಬಳಿಗಳು ಒಂದೊಂದಾಗಿ ಗೋಡೆಯ ಮೇಲೆ ಒಣಗಲು ಬಿದ್ದವು.

ತಿಂಗಳು ತುಂಬಿದ ದಿನ ದೊಡ್ಡ ಡಾಕ್ಟರು ಬಂದರು. ಬಿಳಿಯ ದೊರೆ, ಕಡಿಮೆ ಮಾತಿನವರು. ಚಾವಡಿಯಲ್ಲಿ ಊರೆಲ್ಲ ಸೇರಿತ್ತು. ಅವರು ಮುಂದೆ ಕೂತ ಒಬ್ಬಳನ್ನು ತೋರಿಸಿ, “ಕ್ವಿನೈನ್ ‘ಟೇಕ್’ ಮಾಡಿದ್ದಾಳೆಯೆ, ಕೇಳು” ಎಂದರು.

“ದೊರೆಗಳು ಸಿಟ್ಟಾಗಬಾರದು” ಎಂದೆ. “ನಮ್ಮ ಭಾಷೆಯಲ್ಲಿ ಇದು ಒಂದು ಪ್ರಶ್ನೆಯಲ್ಲ, ಮೂರು. ಮೂರನ್ನೂ ಕೇಳಲು ಅಪ್ಪಣೆ ಬೇಕು.”

ದೊರೆ ನನ್ನನ್ನು ಮೇಲಿಂದ ಕೆಳಗೆ ನೋಡಿ ತಲೆಯಾಡಿಸಿದರು. ಕೇಳಿದೆ. ಅವಳು ಮೂರಕ್ಕೂ ಉತ್ತರ ಕೊಟ್ಟಳು, ತನ್ನ ತವರೂರನ್ನು ಕೇಳದೆಯೇ ಹೇಳಿದಳು. ದೊರೆ ಸೂಕ್ಷ್ಮದರ್ಶಕದ ಮುಂದೆ ಕೂತರು. ತಾವೇ ಆರಿಸಿದವರ ಬೆರಳಿಂದ ಹನಿ ಪಡೆದು ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ನೋಡತೊಡಗಿದರು. ಬಹಳ ಹೊತ್ತಾಯಿತು. ಕೊನೆಗೆ ಬಸಪ್ಪನ ಪಟ್ಟಿ ಇಟ್ಟರು. ಹಿಂದುಮುಂದು ಸರಿಸಿ, ತಿರುಗಿಸಿ, ಇನ್ನೊಮ್ಮೆ ನೋಡಿದರು. ಆಮೇಲೆ ಕಣ್ಣೆತ್ತಿ ಭರೂಚಾ ಸಾಹೇಬರಿಗೆ ಎರಡೇ ಶಬ್ದ ಹೇಳಿದರು. ಅದನ್ನು ಕನ್ನಡ ಮಾಡುವ ಭಾಗ್ಯ ನನ್ನದಾಯಿತು.

“ರಕ್ತ ಹಸನಾಗೇತಿ!” ಎಂದು ಕೂಗಿದೆ.

ಚಾವಡಿ ಎದ್ದು ನಿಂತಿತು. ನೀಲವ್ವ ಮಗನ ಮುಖಕ್ಕೆ ಎರಡೂ ಕೈ ಸವರಿ ನೆಟಿಗೆ ಮುರಿದಳು. ದೊರೆ ಅಲ್ಲೇ ಕೂತು ಬರೆದುಕೊಟ್ಟರು: ದಾಸ್ತಾನು ಇಲ್ಲೇ ಇರಬೇಕು, ಜೋಯಿಡಾ ಮತ್ತು ದಾಂಡೇಲಿಯ ಬಿಡಾರಗಳಿಗೂ ಹೆಚ್ಚಿನ ಗುಳಿಗೆ ಕಳಿಸಬೇಕು, ಸುತ್ತಲಿನ ಕಂಪೌಂಡರುಗಳಿಗೆಲ್ಲ ಈ ಕಂಪೌಂಡರನು ಪ್ರಶ್ನೆ ಕೇಳುವುದನ್ನು ಕಲಿಸಬೇಕು.

ಆ ಕಲಿಕೆ ನಡೆದದ್ದು ಮುಂಡಗೋಡದಲ್ಲಿ. ಕೊಂಕಣಿಯವರು, ಮರಾಠಿಯವರು, ಉರ್ದುವಿನವರು, ಕನ್ನಡದವರು, ಎಲ್ಲ ಬಂದಿದ್ದರು. ನಾನು ಅವರಿಗೆ ಔಷಧದ ಬಗ್ಗೆ ಏನೂ ಹೇಳಲಿಲ್ಲ. ನಿಮ್ಮ ಮನೆಯಲ್ಲಿ ತಾಯಿ ಏನನ್ನುತ್ತಾಳೆ, ಅದನ್ನೇ ಅನ್ನಿ ಎಂದೆ. ಈಗ ಈ ಕೆಲಸಕ್ಕೆ ಬರುವವರಿಗೂ ನಾನು ಹೇಳುವುದು ಇದನ್ನೇ. ರೋಗಿ ಹೌದು ಎಂದರೆ ಯಾವುದಕ್ಕೆ ಹೌದು ಎಂದ ಎಂಬುದನ್ನು ತಿಳಿಯದೆ ಗೀಟು ಹಾಕಬೇಡಿ.

ಅದಾದ ವಾರ ದಾಂಡೇಲಿಯ ಬಿಡಾರಕ್ಕೆ ಹೋಗಿದ್ದೆವು. ಸಾಲು ಉದ್ದವಿತ್ತು. ನಾನು ಪೆಟ್ಟಿಗೆ ತೆರೆಯುತ್ತಿದ್ದಾಗ ಭರೂಚಾ ಸಾಹೇಬರು ನನ್ನ ಕೈಯಿಂದ ಗುಳಿಗೆ ಇಸಿದುಕೊಂಡು, ಮುಂದೆ ನಿಂತ ಮುದುಕಿಯ ಅಂಗೈಯಲ್ಲಿ ತಾವೇ ಇಟ್ಟರು. ಗಂಟಲು ಸರಿಪಡಿಸಿಕೊಂಡು, ಜೀವನದಲ್ಲಿ ಮೊದಲ ಸಲ ಕನ್ನಡದಲ್ಲಿ, ಇಡೀ ಕಾಡಿಗೆ ಕೇಳುವಂತೆ ಹೇಳಿದರು.

“ಅವ್ವಾ, ನುಂಗ್ರೀ!”

ಸಾಲಿಗೆ ಸಾಲೇ ಹೋ ಎಂದು ನಕ್ಕಿತು. ಮುದುಕಿ ನಗುತ್ತಲೇ ನುಂಗಿ, ಸಾಹೇಬರನ್ನು ನೋಡಿ, “ನುಂಗಿದ್ನೆಪಾ” ಎಂದಳು. ಆ ಮಾತನ್ನು ಅವರಿಗೆ ಯಾರೂ ಇಂಗ್ಲಿಷ್ ಮಾಡಿ ಹೇಳಬೇಕಾಗಲಿಲ್ಲ.